ಉಪ್ಪು ಗಾಳಿಯ ಊರಲ್ಲಿ ಸರ್ಕ್ಯೂಟ್ ಬೋರ್ಡಿಗೆ ಕೋಟಿಂಗ್: ತೊಳೆಯುವಲ್ಲಿಂದ ಲೇಬಲ್ ತನಕ

ಜೂನ್ 1ರಿಂದ ಜುಲೈ 31ರ ತನಕ ಮಲ್ಪೆಯ ಯಾಂತ್ರಿಕ ಬೋಟುಗಳು ಕಡಲಿಗೆ ಇಳಿಯುವುದಿಲ್ಲ. ಆ 61 ದಿನ ನನ್ನ ಮೇಜಿನ ಮೇಲೆ ಕೈ ಇಡಲೂ ಜಾಗ ಇರುವುದಿಲ್ಲ. ಫಿಶ್ ಫೈಂಡರ್, ಜಿಪಿಎಸ್, ವೈರ್‌ಲೆಸ್ ಸೆಟ್, ಬ್ಯಾಟರಿ ಚಾರ್ಜರ್ ಎಲ್ಲವನ್ನೂ ಬಿಚ್ಚಿ ತರುತ್ತಾರೆ. ಜೊತೆಗೆ ಮಳೆ ಶುರುವಾದ ಕೂಡಲೇ ಕೆಟ್ಟು ಕೂತ ಇನ್ವರ್ಟರ್, ಬೋರ್‌ವೆಲ್ ಪಂಪಿನ ಪ್ಯಾನೆಲ್, ಎಸಿ ಬೋರ್ಡು. ಎಲ್ಲರದ್ದೂ ಒಂದೇ ಮಾತು: "ರಿಪೇರಿ ಮಾಡಿ ಮೇಲೊಂದು ಕೋಟಿಂಗ್ ಹೊಡೆದುಬಿಡಿ ಮಾರಾಯ್ರೆ, ಇನ್ನು ಅದರ ತಲೆಬಿಸಿ ಬೇಡ."

ಕೋಟಿಂಗ್ ಅಂದರೆ ಬೋರ್ಡನ್ನು ತೇವದಿಂದ ಕಾಯಲು ಮೇಲೆ ಹಚ್ಚುವ ತೆಳು ಪದರ. ನಾನೂ ಮೊದಮೊದಲು ಅವರು ಹೇಳಿದ ಹಾಗೇ ಮಾಡುತ್ತಿದ್ದೆ. ಒಂದು ಜುಲೈಯಲ್ಲಿ ಬಂದ ಎಸಿ ಬೋರ್ಡನ್ನು ರಿಪೇರಿ ಮಾಡಿ, ಸ್ವಲ್ಪ ಐಪಿಎ (ಐಸೊಪ್ರೊಪೈಲ್ ಆಲ್ಕೋಹಾಲ್) ಹಚ್ಚಿ ಒರೆಸಿ, ಚಂದ ಮಾಡಿ ಕೋಟಿಂಗ್ ಹೊಡೆದು ಕೊಟ್ಟೆ. ಮೂರೇ ತಿಂಗಳಿಗೆ ಅದು ವಾಪಸ್ ಬಂತು. ಕೋಟಿಂಗ್ ಗಾಜಿನ ಹಾಗೆ ಹೊಳೆಯುತ್ತಿತ್ತು, ಅದರ ಕೆಳಗೆ ತಾಮ್ರದ ಗೆರೆಗಳ ಮೇಲೆ ಹಸಿರು ಕಿಲುಬು ಹಬ್ಬಿತ್ತು. ಹೊರಗಿನ ತೇವ ಒಳಗೆ ಹೋಗಬಾರದು ಅಂತ ಹೊಡೆದ ಕೋಟಿಂಗ್, ಒಳಗಿದ್ದ ಉಪ್ಪನ್ನು ಭದ್ರವಾಗಿ ಮುಚ್ಚಿಟ್ಟಿತ್ತು. ಆವತ್ತಿಂದ ನನಗೆ ಕೋಟಿಂಗ್ ಅಂದರೆ ಮುಕ್ಕಾಲು ಪಾಲು ತೊಳೆಯುವ, ಒಣಗಿಸುವ ಕೆಲಸ. ಡಬ್ಬಿ ಒತ್ತುವುದು ಕೊನೆಯ ಹತ್ತು ನಿಮಿಷದ್ದು ಅಷ್ಟೇ. ಈ ಬರಹದಲ್ಲೂ ಜಾಸ್ತಿ ಜಾಗ ಆ ಮುಕ್ಕಾಲು ಪಾಲಿಗೇ ಹೋಗುತ್ತದೆ.

## ನಮ್ಮ ಕರಾವಳಿಯಲ್ಲಿ ಬೋರ್ಡ್ ಯಾಕೆ ಬೇಗ ಸಾಯುತ್ತದೆ

ಮಳೆಗಾಲದಲ್ಲಿ ಅಡುಗೆಮನೆಯ ಉಪ್ಪಿನ ಭರಣಿ ನೋಡಿದ್ದೀರಲ್ವಾ? ಕಲ್ಲುಪ್ಪು ತನ್ನಷ್ಟಕ್ಕೇ ನೀರೊಡೆಯುತ್ತದೆ. ಗಾಳಿಯ ತೇವಾಂಶ ಸುಮಾರು 75 ಶೇಕಡಾ ದಾಟಿದರೆ ಉಪ್ಪು ಗಾಳಿಯಿಂದಲೇ ನೀರು ಹೀರಿ ಕರಗಿಬಿಡುತ್ತದೆ. ಮಂಗಳೂರು, ಉಡುಪಿಯಲ್ಲಿ ವರ್ಷಕ್ಕೆ 3,500 ಮಿಲಿಮೀಟರಿಗೂ ಜಾಸ್ತಿ ಮಳೆ ಬೀಳುತ್ತದೆ, ಅದರಲ್ಲಿ ಹೆಚ್ಚಿನದ್ದು ಜೂನ್‌ನಿಂದ ಸೆಪ್ಟೆಂಬರ್ ಒಳಗೇ. ಆ ನಾಲ್ಕು ತಿಂಗಳು ತೇವಾಂಶ 75ರ ಕೆಳಗೆ ಇಳಿಯುವುದೇ ಅಪರೂಪ. ಹಾಗಾಗಿ ಬೋರ್ಡಿನ ಮೇಲೆ ಕೂತ ಕಣ್ಣಿಗೆ ಕಾಣದ ಉಪ್ಪಿನ ಪುಡಿ ಸದಾ ಒದ್ದೆಯಾಗಿಯೇ ಇರುತ್ತದೆ.

ಒದ್ದೆ ಉಪ್ಪಿನಲ್ಲಿ ಕರೆಂಟ್ ಹರಿಯುತ್ತದೆ. ಬೋರ್ಡಿನ ಬಿಡಿಭಾಗಗಳ ಅಕ್ಕಪಕ್ಕದ ಎರಡು ಲೋಹದ ಕಾಲುಗಳ ನಡುವೆ ವೋಲ್ಟೇಜ್ ಇದ್ದರೆ ಒಂದು ಕಡೆಯ ಲೋಹ ಕರಗಿ ಇನ್ನೊಂದು ಕಡೆಗೆ ಹೋಗಿ ಕೂರುತ್ತದೆ, ಹಾಗೆ ಕೂತದ್ದು ಜರೀಗಿಡದ ಎಲೆಯ ಆಕಾರದಲ್ಲಿ ಎಳೆ ಎಳೆಯಾಗಿ ಬೆಳೆಯುತ್ತದೆ. ಭೂತಗನ್ನಡಿ ಹಿಡಿದರೆ ಸ್ಪಷ್ಟವಾಗಿ ಕಾಣುತ್ತದೆ. ಎಳೆ ಈಚೆಯಿಂದ ಆಚೆ ಮುಟ್ಟಿತೋ, ಶಾರ್ಟ್. ಇದಕ್ಕೆ ಮೂರೂ ಬೇಕು: ತೇವ, ಉಪ್ಪಿನಂಥ ಕೊಳೆ, ವೋಲ್ಟೇಜ್. ವೋಲ್ಟೇಜ್ ತೆಗೆಯಲು ಆಗುವುದಿಲ್ಲ, ತೇವವನ್ನು ಪೂರ್ತಿ ತಡೆಯಲೂ ಆಗುವುದಿಲ್ಲ. ನಮ್ಮ ಕೈಯಲ್ಲಿ ಪೂರ್ತಿ ಇರುವುದು ಕೊಳೆ ತೆಗೆಯುವುದು ಮಾತ್ರ.

## ಹೊಸ ಬೋರ್ಡ್ ಮಾಡಿಸುವವರಿಗೆ ಮೊದಲು ಎರಡು ಮಾತು

ಮಣಿಪಾಲ, ಸುರತ್ಕಲ್ ಕಡೆಯ ವಿದ್ಯಾರ್ಥಿಗಳು ತಮ್ಮದೇ ಡಿಸೈನ್ ಕಳಿಸಿ ಬೋರ್ಡ್ ಮಾಡಿಸುತ್ತಾರೆ. ನಿಮಗೆ ಕಾರ್ಖಾನೆಯಲ್ಲೇ ಎರಡು ರಕ್ಷಣೆ ಸಿಗುತ್ತದೆ. ಒಂದು ಸೋಲ್ಡರ್ ಮಾಸ್ಕ್, ಅಂದರೆ ಆ ಹಸಿರು ಪದರ. ಅದು ತಾಮ್ರದ ಗೆರೆಗಳನ್ನು ಮುಚ್ಚುತ್ತದೆ, ಬೆಸುಗೆ ಹಾಕುವ ಪ್ಯಾಡುಗಳನ್ನು ತೆರೆದಿಡುತ್ತದೆ. ಗೆರೆಯ ಅಂಚಿನಲ್ಲಿ ಈ ಪದರ ತೀರಾ ತೆಳು, ಕಿಲುಬು ಶುರುವಾಗುವುದು ಹೆಚ್ಚಾಗಿ ಅಲ್ಲಿಂದಲೇ. ಡಿಸೈನಿನಲ್ಲಿ ವಯಾ ತೂತುಗಳನ್ನೂ (ಬೋರ್ಡಿನ ಒಂದು ಪದರದ ತಾಮ್ರವನ್ನು ಇನ್ನೊಂದಕ್ಕೆ ಜೋಡಿಸುವ ಸಣ್ಣ ತೂತುಗಳು) ಮಾಸ್ಕ್‌ನಿಂದ ಮುಚ್ಚಿಸಿ, ಸುಮ್ನೆ ತೆರೆದು ಬಿಡಬೇಡಿ.

ಎರಡನೆಯದು ಪ್ಯಾಡಿನ ಮೇಲಿನ ಲೇಪ. ತವರ ಹಚ್ಚುವುದು ಎಚ್‌ಎಎಸ್‌ಎಲ್. ನಿಕ್ಕಲ್ ಮೇಲೆ ಚಿನ್ನ ಇಎನ್‌ಐಜಿ, ಇದರಲ್ಲಿ ನಿಕ್ಕಲ್ 3ರಿಂದ 6 ಮೈಕ್ರಾನ್ (ಒಂದು ಮೈಕ್ರಾನ್ ಅಂದರೆ ಮಿಲಿಮೀಟರಿನ ಸಾವಿರದಲ್ಲೊಂದು ಪಾಲು), ಚಿನ್ನ 0.05 ಮೈಕ್ರಾನಿನ ಆಸುಪಾಸು. ಓಎಸ್‌ಪಿ ಅನ್ನುವುದು ಮೈಕ್ರಾನಿನ ಅರ್ಧಕ್ಕೂ ಕಡಿಮೆ ದಪ್ಪದ ಸಾವಯವ ಪದರ. ಬೆಳ್ಳಿ ಲೇಪವೂ ಇದೆ. ಕರಾವಳಿಗಾದರೆ ನನ್ನ ಸಲಹೆ ಮೊದಲೆರಡೇ. ಓಎಸ್‌ಪಿ ಬೆಸುಗೆ ಹಾಕುವ ತನಕ ತಾಮ್ರ ಕಪ್ಪಾಗದಂತೆ ನೋಡಿಕೊಳ್ಳಲು ಇರುವಂಥದ್ದು, ಬೆಸುಗೆ ಬೀಳದೆ ಉಳಿದ ಪ್ಯಾಡನ್ನು ವರ್ಷಗಟ್ಟಲೆ ಕಾಯುವಂಥದ್ದಲ್ಲ. ಬೆಳ್ಳಿ ಗಂಧಕದ ಗಾಳಿಗೆ ಕಪ್ಪಾಗುತ್ತದೆ, ಮನೆಯ ಬೆಳ್ಳಿ ದೀಪದ ಹಾಗೆ.

ಇವೆರಡೂ ಇದ್ದರೂ ಬೆಸುಗೆ ಹಾಕಿದ ಜಾಗ, ಐಸಿಯ (ಚಿಪ್‌ನ) ಕಾಲು ತೆರೆದೇ ಇರುತ್ತವೆ. ಅದಕ್ಕೇ ಮೂರನೆಯದು ಬೇಕು, ಕನ್ಫಾರ್ಮಲ್ ಕೋಟಿಂಗ್. ಬೋರ್ಡಿನ ಏರಿಳಿತಕ್ಕೆ ತಕ್ಕ ಹಾಗೆ ಮೈಗೆ ಮೈ ಅಂಟಿ ಕೂರುವ ತೆಳು ಪದರ.

## ಯಾವುದನ್ನು ತರಬೇಕು

ಅಂಗಡಿಯಲ್ಲಿ ಕೇಳುವ ಮೊದಲು ಡಬ್ಬಿಯ ಮೇಲಿನ ಗುರುತು ಗೊತ್ತಿರಲಿ. ಎಆರ್ ಅಂದರೆ ಅಕ್ರಿಲಿಕ್, ಯುಆರ್ ಯುರೇಥೇನ್, ಎಸ್‌ಆರ್ ಸಿಲಿಕೋನ್, ಇಆರ್ ಇಪಾಕ್ಸಿ, ಎಕ್ಸ್‌ವೈ ಪ್ಯಾರಿಲೀನ್. ಐಪಿಸಿ-ಸಿಸಿ-830 ಅಂತ ಬರೆದಿದ್ದರೆ (ಐಪಿಸಿ ಅಂದರೆ ಎಲೆಕ್ಟ್ರಾನಿಕ್ಸ್ ಉದ್ಯಮಕ್ಕೆ ಮಾನದಂಡ ಬರೆಯುವ ಸಂಸ್ಥೆ) ಕೋಟಿಂಗಿಗಾಗಿಯೇ ಇರುವ ಪರೀಕ್ಷೆ ಪಾಸಾದ ಮಾಲು.

ಮೊದಲ ಸಲ ಮಾಡುವವರು ಅಕ್ರಿಲಿಕ್ ತನ್ನಿ. ಬೇಗ ಒಣಗುತ್ತದೆ, ತೇವವನ್ನು ಚೆನ್ನಾಗಿ ತಡೆಯುತ್ತದೆ, ತಪ್ಪಿದರೆ ದ್ರಾವಕ ಹಾಕಿ ತೆಗೆಯಬಹುದು. ಡೀಸೆಲ್ ತಾಗಿದರೆ ಮಾತ್ರ ಮೆತ್ತಗಾಗುತ್ತದೆ. ಹಾಗಾಗಿ ಬೋಟಿನ ಎಂಜಿನ್ ಕೋಣೆಯ ಬೋರ್ಡಿಗೆ ಯುರೇಥೇನ್ ಒಳ್ಳೆಯದು, ಆದರೆ ತೆಗೆಯುವುದು ಕಷ್ಟ. ಸಿಲಿಕೋನ್ 200 ಡಿಗ್ರಿ ತನಕದ ಬಿಸಿ ತಾಳುತ್ತದೆ, ಬಾಗುತ್ತದೆ, ಅಲುಗಾಟಕ್ಕೆ ಬಿರಿಯುವುದಿಲ್ಲ. ಆದರೆ ಗಂಧಕದ ಗಾಳಿ ಅದರೊಳಗಿಂದ ಸಲೀಸಾಗಿ ಹಾದುಹೋಗುತ್ತದೆ, ಚರಂಡಿ ಅಥವಾ ಗೋಬರ್ ಗ್ಯಾಸ್ ಗುಂಡಿಯ ಪಕ್ಕದ ಪ್ಯಾನೆಲ್‌ಗೆ ಅದು ಬೇಡ. ಇಪಾಕ್ಸಿ ಹಾಕಿದ ಬೋರ್ಡನ್ನು ಮುಂದೆ ರಿಪೇರಿ ಮಾಡುವ ಆಸೆ ಬಿಡಬೇಕು. ಪ್ಯಾರಿಲೀನ್ ನಿರ್ವಾತದ ಯಂತ್ರದೊಳಗೆ ಆವಿಯಾಗಿ ಕೂರುವ ಪದರ, ಎಲ್ಲಕ್ಕಿಂತ ಚೊಕ್ಕ, ಆದರೆ ಮೇಜಿನ ಮೇಲೆ ಮಾಡುವ ಕೆಲಸವಲ್ಲ.

ಇಲ್ಲಿ ಒಂದು ಮಾತು ಒತ್ತಿ ಹೇಳುತ್ತೇನೆ. ಕಿಟಕಿಗೆ, ಸಿಂಕ್ ಅಂಚಿಗೆ ಹಾಕುವ ಸಿಲಿಕೋನ್ ಟ್ಯೂಬ್ ಇದೆಯಲ್ಲ, ಒಣಗುವಾಗ ವಿನೆಗರ್ ವಾಸನೆ ಬರುವಂಥದ್ದು, ಅದನ್ನು ಬೋರ್ಡಿಗೆ ದಯವಿಟ್ಟು ಹಚ್ಚಬೇಡಿ. ಆ ವಾಸನೆಯೇ ಅಸಿಟಿಕ್ ಆಮ್ಲ. ತಾಮ್ರವನ್ನು ನೇರವಾಗಿ ತಿನ್ನುತ್ತದೆ. ಬೋರ್‌ವೆಲ್ ಪ್ಯಾನೆಲ್‌ಗಳಲ್ಲಿ ಇದನ್ನು ಮೆತ್ತಿದ್ದು ನಾನು ಎಷ್ಟೋ ಸಲ ನೋಡಿದ್ದೇನೆ, ಬೋರ್ಡನ್ನು ಕಾಪಾಡಲು ಹೋಗಿ ಕೊಂದ ಹಾಗೆ ಆಗುತ್ತದೆ. ಸಿಲಿಕೋನೇ ಬೇಕಿದ್ದರೆ 'ನ್ಯೂಟ್ರಲ್ ಕ್ಯೂರ್' ಅಂತ ಬರೆದದ್ದನ್ನು, ಎಲೆಕ್ಟ್ರಾನಿಕ್ಸ್‌ಗೆ ಅಂತಲೇ ಮಾರುವುದನ್ನು ತನ್ನಿ. ಉಗುರಿನ ಬಣ್ಣ, ಮೋಟಾರ್ ವೈಂಡಿಂಗ್ ವಾರ್ನಿಷ್, ತುಕ್ಕು ಬಿಡಿಸುವ ಎಣ್ಣೆ ಸ್ಪ್ರೇ, ಇವು ಯಾವುವೂ ಕೋಟಿಂಗ್‌ಗೆ ಬದಲಿ ಅಲ್ಲ.

## ಹೊಂದಿಸಿಟ್ಟುಕೊಳ್ಳಿ

99 ಶೇಕಡಾ ಐಪಿಎ. ಮೆಡಿಕಲ್‌ನಲ್ಲಿ ಸಿಗುವ 70 ಶೇಕಡಾದ್ದರಲ್ಲಿ ಉಳಿದದ್ದು ನೀರು, ಸ್ಯಾನಿಟೈಸರ್‌ನಲ್ಲಿ ಗ್ಲಿಸರಿನ್ ಇರುತ್ತದೆ, ಅವು ಬೇಡ. ಐಪಿಎ ಕೂಡ ಗಾಳಿಯ ನೀರು ಹೀರುತ್ತದೆ, ಮಳೆಗಾಲದಲ್ಲಿ ಡಬ್ಬಿಯ ಮುಚ್ಚಳ ತೆಗೆದಿಡಬೇಡಿ. ಡಿಸ್ಟಿಲ್ಡ್ ವಾಟರ್, ಅದೇ ಇನ್ವರ್ಟರ್ ಬ್ಯಾಟರಿಗೆ ಹಾಕುವ ನೀರು. ಕ್ಯಾನಿನ ಮೇಲೆ ಆಸಿಡ್ ಅಂತ ಬರೆದಿಲ್ಲ ಅನ್ನುವುದನ್ನು ಎರಡು ಸಲ ಓದಿ. ಮೆತ್ತಗಿನ ಬ್ರಷ್ ಎರಡು, ಒಂದು ತೊಳೆಯಲು, ಒಂದು ಹಚ್ಚಲು. ಕ್ಯಾಪ್ಟನ್ ಟೇಪ್ (ಬಿಸಿ ತಾಳುವ ಹಳದಿ ಟೇಪ್), ನೈಟ್ರೈಲ್ ಗ್ಲೌಸ್, ಸಾವಯವ ಆವಿ ತಡೆಯುವ ಫಿಲ್ಟರ್ ಇರುವ ಮಾಸ್ಕ್ (ಬಟ್ಟೆ ಮಾಸ್ಕ್ ಪ್ರಯೋಜನವಿಲ್ಲ), ತೇವಾಂಶ ತೋರಿಸುವ ಮೀಟರ್, ಮನೆಯ ಕುಡಿಯುವ ನೀರು ಪರೀಕ್ಷಿಸುವ ಟಿಡಿಎಸ್ ಪೆನ್ನು, ನೋಟು ನೋಡುವ ಯುವಿ ಟಾರ್ಚು. ಕೊನೆಯ ಎರಡು ಯಾಕೆ ಅಂತ ಮುಂದೆ ಹೇಳುತ್ತೇನೆ.

## ಮೊದಲ ಹೆಜ್ಜೆ: ಕರೆಂಟ್ ಖಾಲಿ ಮಾಡಿ, ಫೋಟೋ ತೆಗೆಯಿರಿ

ಪ್ಲಗ್ ಕಿತ್ತ ಮಾತ್ರಕ್ಕೆ ಬೋರ್ಡ್ ಸತ್ತಿತು ಅಂದುಕೊಳ್ಳಬೇಡಿ. ಎಸಿ ಮತ್ತು ಇನ್ವರ್ಟರ್ ಬೋರ್ಡಿನ ದೊಡ್ಡ ಕೆಪಾಸಿಟರಿನಲ್ಲಿ 325 ವೋಲ್ಟ್ ಅಥವಾ ಅದಕ್ಕೂ ಜಾಸ್ತಿ ಉಳಿದಿರಬಹುದು. ಅದು ಜೀವ ತೆಗೆಯುವಷ್ಟು. ಸ್ಕ್ರೂಡ್ರೈವರ್ ಅಡ್ಡ ಇಟ್ಟು ಕಿಡಿ ಹಾರಿಸುವ ಅಭ್ಯಾಸ ಬಿಡಿ. 10 ಕಿಲೋ ಓಮ್, 10 ವ್ಯಾಟ್ ರೆಸಿಸ್ಟರಿಗೆ ಎರಡೂ ಕಡೆ ಇನ್ಸುಲೇಟೆಡ್ ವಯರ್ ಹಾಕಿ, ಕೆಪಾಸಿಟರಿನ ಎರಡು ಕಾಲಿಗೆ ಒಂದು ನಿಮಿಷ ಹಿಡಿಯಿರಿ, ಆಮೇಲೆ ಮಲ್ಟಿಮೀಟರಿನಲ್ಲಿ 5 ವೋಲ್ಟಿಗಿಂತ ಕಡಿಮೆ ಬಂತಾ ನೋಡಿ.

ಬಟನ್ ಸೆಲ್ ಇದ್ದರೆ ತೆಗೆಯಿರಿ. ಎರಡೂ ಬದಿಯ ಫೋಟೋ ತೆಗೆಯಿರಿ. ಕೆಟ್ಟ ಬೋರ್ಡಿಗೆ ಕೋಟಿಂಗ್ ಹಾಕಬೇಡಿ. ರಿಪೇರಿ ಮುಗಿದು, ಒಂದು ದಿನ ಓಡಿಸಿ ನೋಡಿದ ಮೇಲೆ ಮುಂದಿನ ಹೆಜ್ಜೆ.

## ಎರಡನೆಯ ಹೆಜ್ಜೆ: ತೊಳೆಯುವುದು

ಎಲ್ಲರೂ ತಪ್ಪುವುದು ಇಲ್ಲಿ. ಬೋರ್ಡನ್ನು ಐಪಿಎಯಿಂದ ಒರೆಸಿದರೆ ಚೊಕ್ಕವಾಯಿತು ಅನ್ನುವ ನಂಬಿಕೆ. ಬೆಸುಗೆ ಹಿಡಿಯಲೆಂದು ಹಾಕುವ ಫ್ಲಕ್ಸಿನ ರಾಳವನ್ನು ಐಪಿಎ ಕರಗಿಸುತ್ತದೆ, ನಿಜ. ಆದರೆ ಉಪ್ಪು ಐಪಿಎಯಲ್ಲಿ ಕರಗುವುದೇ ಇಲ್ಲ ಅನ್ನಬಹುದು. ಪರೀಕ್ಷೆ ಮಾಡಿ ನೋಡಿ: ಒಂದು ಗ್ಲಾಸಿನಲ್ಲಿ ಐಪಿಎ ಹಾಕಿ ಒಂದು ಚಿಟಿಕೆ ಪುಡಿಯುಪ್ಪು ಉದುರಿಸಿ ಕಲಸಿ, ಅದು ಹಾಗೇ ತಳದಲ್ಲಿ ಕೂರುತ್ತದೆ. ನಾನು ಆ ಎಸಿ ಬೋರ್ಡಿನಲ್ಲಿ ಮಾಡಿದ್ದು ಇದನ್ನೇ, ಉಪ್ಪನ್ನು ಈಚೆ ಬದಿಯಿಂದ ಆಚೆ ಬದಿಗೆ ಹರಡಿದ್ದು. ಉಪ್ಪಿಗೆ ನೀರೇ ಬೇಕು.

ಹಾಗಾಗಿ ಮೂರು ಸ್ನಾನ, ಇದೇ ಕ್ರಮದಲ್ಲಿ.

ಮೊದಲು ಒಣ ಬ್ರಷ್‌ನಿಂದ ಧೂಳು, ಇರುವೆ ಗೂಡು ತೆಗೆದು, ಐಪಿಎ ಹಾಕಿ ಬ್ರಷ್‌ನಿಂದ ಉಜ್ಜಿ. ಫ್ಲಕ್ಸ್ ರಾಳ ಕರಗಿದರೆ ಅದರ ಒಳಗೆ ಸಿಕ್ಕಿಕೊಂಡ ಉಪ್ಪು, ಆಮ್ಲ ಎಲ್ಲ ಹೊರಗೆ ಬರುತ್ತದೆ. ಬೋರ್ಡನ್ನು ಓರೆಯಾಗಿ ಹಿಡಿದು ಕೊಳೆ ಐಪಿಎ ಕೆಳಗೆ ಹರಿದುಹೋಗಲು ಬಿಡಿ, ಅಲ್ಲೇ ಒಣಗಲು ಬಿಟ್ಟರೆ ಬಿಳಿ ಕಲೆ ಉಳಿಯುತ್ತದೆ. 'ನೋ ಕ್ಲೀನ್' ಫ್ಲಕ್ಸ್ ಆದರೆ ತೊಳೆಯಬೇಕಾಗಿಲ್ಲ ಅನ್ನುತ್ತಾರೆ. ಆ ಮಾತು ಒಣ ಜಾಗದಲ್ಲಿ ಕೋಟಿಂಗ್ ಇಲ್ಲದೆ ಇಡುವ ಬೋರ್ಡಿಗೆ ಇರಲಿ, ಇಲ್ಲಿ ತೊಳೆಯಿರಿ.

ಎರಡನೆಯದು ಉಗುರುಬೆಚ್ಚಗಿನ ಡಿಸ್ಟಿಲ್ಡ್ ವಾಟರ್. ಅಗಲ ಪ್ಲಾಸ್ಟಿಕ್ ತಟ್ಟೆಯಲ್ಲಿ ಬೋರ್ಡ್ ಮುಳುಗುವಷ್ಟು ಹಾಕಿ, ಬ್ರಷ್‌ನಿಂದ ಐಸಿ ಕಾಲುಗಳ ನಡುವೆ, ಕನೆಕ್ಟರಿನ ಬುಡದಲ್ಲಿ ಮೆತ್ತಗೆ ಆಡಿಸಿ. ನೀರು ಬದಲಿಸಿ ಇನ್ನೊಮ್ಮೆ. ಬಾವಿ ನೀರು ಬೇಡ. ಕಡಲ ಬದಿಯ ಬಾವಿಯಲ್ಲಿ ಬೇಸಿಗೆಯಲ್ಲಿ ಉಪ್ಪೇ ಇರುತ್ತದೆ, ಒಳನಾಡಿನದ್ದರಲ್ಲಿ ಕಬ್ಬಿಣ. ಬೋರ್ಡನ್ನು ನೀರಿಗೆ ಹಾಕುವುದೆಂದರೆ ಎಲ್ಲರಿಗೂ ಮೈ ಝುಂ ಅನ್ನುತ್ತದೆ, ನನಗೂ ಅನ್ನುತ್ತಿತ್ತು, ಆದರೆ ಕರೆಂಟ್ ಇಲ್ಲದ ಬೋರ್ಡಿಗೆ ಶುದ್ಧ ನೀರು ಏನೂ ಮಾಡುವುದಿಲ್ಲ, ಪೂರ್ತಿ ಒಣಗಿಸದಿದ್ದರೆ ಮಾತ್ರ ಮಾಡುತ್ತದೆ. ಎಲ್‌ಸಿಡಿ, ಮುಚ್ಚಳ ಸೀಲ್ ಇಲ್ಲದ ರಿಲೇ, ಬಝರ್, ಮೈಕ್, ತಿರುಗಿಸಿ ಹೊಂದಿಸುವ ಸಣ್ಣ ರೆಸಿಸ್ಟರ್ (ಪ್ರಿಸೆಟ್), ಟ್ರಾನ್ಸ್‌ಫಾರ್ಮರ್, ಇವು ಮುಳುಗಬಾರದು. ಅವಿರುವ ಬೋರ್ಡಾದರೆ ಮುಳುಗಿಸದೆ ಬ್ರಷ್ ಅದ್ದಿ ಜಾಗ ಜಾಗಕ್ಕೆ ತೊಳೆಯಿರಿ.

ಮೂರನೆಯದು ಮತ್ತೆ ಹೊಸ ಐಪಿಎ. ಇದು ಐಸಿಯ ಅಡಿಯಲ್ಲಿ ನಿಂತ ನೀರನ್ನು ತನ್ನ ಜೊತೆ ಎಳೆದುಕೊಂಡು ಹೊರಗೆ ಬರುತ್ತದೆ.

ಹಸಿರು ಕಿಲುಬು ಕಂಡಲ್ಲಿ ತೊಳೆದರೆ ಸಾಲದು. ಫೈಬರ್ ಗ್ಲಾಸ್ ಪೆನ್ಸಿಲಿನಿಂದ ಕೆರೆದು ಹೊಳೆಯುವ ತಾಮ್ರ ಕಾಣಬೇಕು, ಗೆರೆ ತುಂಡಾಗಿದೆಯಾ ನೋಡಬೇಕು, ತವರ ಹಚ್ಚಿ ಮತ್ತೆ ತೊಳೆಯಬೇಕು. ಪೆನ್ಸಿಲಿನ ಎಳೆ ಚರ್ಮಕ್ಕೆ ಚುಚ್ಚುತ್ತದೆ, ಗ್ಲೌಸ್ ಹಾಕಿಯೇ ಮಾಡಿ.

ಈಗ ಟಿಡಿಎಸ್ ಪೆನ್ನು. ಬೋರ್ಡ್ ನಿಜವಾಗಿ ಚೊಕ್ಕವಾಯಿತಾ ಅಂತ ಕಣ್ಣಿಗೆ ಗೊತ್ತಾಗುವುದಿಲ್ಲ. ಹಾಗಾಗಿ ನಾನು ಮೂರನೆಯ ಸ್ನಾನದ ಮೊದಲು ಇದನ್ನು ಮಾಡುತ್ತೇನೆ: 300 ಮಿಲಿಲೀಟರ್ ಹೊಸ ಡಿಸ್ಟಿಲ್ಡ್ ವಾಟರ್ ತೆಗೆದು ಪೆನ್ನಿನಲ್ಲಿ ಅಳೆದು ಬರೆದಿಡುತ್ತೇನೆ, ಬೋರ್ಡನ್ನು ಹತ್ತು ನಿಮಿಷ ಅದರಲ್ಲಿ ಆಡಿಸಿ, ಮತ್ತೆ ಅಳೆಯುತ್ತೇನೆ. ಕಾರ್ಖಾನೆಗಳಲ್ಲಿ ಬಹಳ ವರ್ಷ ಬಳಸಿದ ಮಿತಿ ಒಂದು ಚದರ ಸೆಂಟಿಮೀಟರಿಗೆ 1.56 ಮೈಕ್ರೋಗ್ರಾಂ ಉಪ್ಪಿಗೆ ಸಮನಾದ ಕೊಳೆ. 10 ಸೆಂಟಿಮೀಟರ್ ಚೌಕದ ಬೋರ್ಡಿನ ಎರಡೂ ಬದಿ ಸೇರಿ 200 ಚದರ ಸೆಂಟಿಮೀಟರ್, ಅಂದರೆ 312 ಮೈಕ್ರೋಗ್ರಾಂ. ಅದು 300 ಮಿಲಿಲೀಟರ್ ನೀರಿಗೆ ಬಿದ್ದರೆ ಪೆನ್ನಿನಲ್ಲಿ ಏರುವುದು ಒಂದೇ ಒಂದು ಅಂಕಿ! ಅಷ್ಟು ಕಡಿಮೆ ಉಪ್ಪಿಗೇ ಕಾರ್ಖಾನೆಯವರು ಹೆದರುತ್ತಾರೆ. ಕಡಲಿನಿಂದ ಬಂದ ಬೋರ್ಡಿನಲ್ಲಿ ಮೊದಲ ಸಲ ಅಂಕಿ ಹತ್ತಾರು ಏರುವುದು ಮಾಮೂಲಿ. ಅಂಕಿ ಅಲುಗದ ತನಕ ನಾನು ತೊಳೆಯುವುದು ಬಿಡುವುದಿಲ್ಲ. ಇದು ಪ್ರಯೋಗಾಲಯದ ಪರೀಕ್ಷೆಯಲ್ಲ, ಐಸಿಯ ಅಡಿಯ ಕೊಳೆ ಪೂರ್ತಿ ಹೊರಗೆ ಬಂದಿರುತ್ತದೆ ಅಂತಲೂ ಇಲ್ಲ. 1.56 ಅನ್ನುವ ಅಂಕಿಯೊಂದನ್ನೇ ನಂಬುವುದನ್ನು ಈಗ ಐಪಿಸಿ ಕೂಡ ಬಿಟ್ಟಿದೆ. ಆದರೆ ತೊಳೆಯದ ಬೋರ್ಡನ್ನೂ ತೊಳೆದ ಬೋರ್ಡನ್ನೂ ಬೇರೆ ಮಾಡಿ ತೋರಿಸಲು ಈ ಪೆನ್ನು ಧಾರಾಳ ಸಾಕು.

ಇಷ್ಟಾದ ಮೇಲೆ ಬರಿಗೈಯಲ್ಲಿ ಬೋರ್ಡ್ ಮುಟ್ಟಬೇಡಿ. ನಮ್ಮ ಬೆವರೂ ಉಪ್ಪೇ.

## ಮೂರನೆಯ ಹೆಜ್ಜೆ: ಒಣಗಿಸುವುದು

ಐಪಿಎ ಮೊದಲು ಫ್ಯಾನ್ ಗಾಳಿಗೆ ಆರಲಿ. ಒದ್ದೆ ಐಪಿಎ ಇರುವ ಬೋರ್ಡನ್ನು ಮುಚ್ಚಿದ ಬಿಸಿ ಪೆಟ್ಟಿಗೆಗೆ ಹಾಕಿದರೆ ಆವಿಗೆ ಬೆಂಕಿ ಹತ್ತಬಹುದು. ವಾಸನೆ ಪೂರ್ತಿ ಹೋದ ಮೇಲೆ 60ರಿಂದ 70 ಡಿಗ್ರಿಯಲ್ಲಿ ಕನಿಷ್ಠ ಎರಡು ಗಂಟೆ. ಹಣ್ಣು ಒಣಗಿಸುವ ವಿದ್ಯುತ್ ಡ್ರೈಯರ್ ಇದ್ದರೆ ತುಂಬಾ ಅನುಕೂಲ. ನಾನು ವರ್ಷಗಟ್ಟಲೆ ಹಳೇ ಕಬ್ಬಿಣದ ಟ್ರಂಕಿಗೆ ತಂತಿ ಬಲ್ಬ್ ಹಾಕಿ, ಮೇಲೆ ಆವಿ ಹೋಗಲು ತೂತು ಕೊರೆದು, ಥರ್ಮಾಮೀಟರ್ ತೂಗಿಸಿ ಬಳಸಿದ್ದೇನೆ. ಎಲ್‌ಸಿಡಿ ಇರುವ ಬೋರ್ಡಾದರೆ 50 ಡಿಗ್ರಿ ದಾಟಿಸಬೇಡಿ, ಬದಲಿಗೆ ಜಾಸ್ತಿ ಹೊತ್ತು ಇಡಿ. ಅಡುಗೆಯ ಓವನ್ ಬೇಡ, ಅದರಲ್ಲಿ ಆಮೇಲೆ ತಿನ್ನುವ ಪದಾರ್ಥ ಬೇಯಿಸುತ್ತೀರಲ್ವಾ. ಹೇರ್ ಡ್ರೈಯರ್ ಮೇಲ್ಮೈಯನ್ನಷ್ಟೇ ಒಣಗಿಸುತ್ತದೆ, ಬೋರ್ಡಿನ ಫೈಬರ್ ಒಳಗೂ ತೇವ ಕೂತಿರುತ್ತದೆ. ಹೊರಗೆ ತೆಗೆದು ಒಂದು ರಾತ್ರಿ ಮೇಜಿನ ಮೇಲೆ ಇಟ್ಟರೆ ಆ ತೇವ ವಾಪಸ್ ಬರುತ್ತದೆ, ಹಪ್ಪಳ ಮೆತ್ತಗಾಗುವ ಹಾಗೆ. ಒಣಗಿಸಿದ ದಿನವೇ ಹಚ್ಚಬೇಕು.

## ನಾಲ್ಕನೆಯ ಹೆಜ್ಜೆ: ಮುಚ್ಚಬೇಕಾದದ್ದನ್ನು ಮುಚ್ಚುವುದು

ಕೋಟಿಂಗ್ ಕರೆಂಟನ್ನು ತಡೆಯುತ್ತದೆ, ಹಾಗಾಗಿ ಮುಟ್ಟಿ ಕೆಲಸ ಮಾಡುವ ಯಾವುದಕ್ಕೂ ತಾಗಬಾರದು: ಕನೆಕ್ಟರ್, ಸ್ವಿಚ್, ಫ್ಯೂಸ್ ಹೋಲ್ಡರ್, ಬ್ಯಾಟರಿ ಕ್ಲಿಪ್, ಪ್ರಿಸೆಟ್, ತೆರೆದ ರಿಲೇ, ಅರ್ತಿಂಗ್ ಸ್ಕ್ರೂ ಕೂರುವ ತೂತಿನ ಸುತ್ತ, ಹೀಟ್ ಸಿಂಕ್ ಅಂಟುವ ಮೈ. ಬಝರಿನ ಬಾಯಿ, ತೇವಾಂಶ ಸೆನ್ಸರ್ ಕೂಡ. ಕ್ಯಾಪ್ಟನ್ ಟೇಪ್ ಅಂಟಿಸಿ ಉಗುರಿನಿಂದ ಅಂಚು ಒತ್ತಿ. ತೆಳು ಕೋಟಿಂಗ್ ಸಣ್ಣ ಸಂದಿಯಲ್ಲಿ ತನ್ನಷ್ಟಕ್ಕೇ ಏರುತ್ತದೆ, ದೀಪದ ಬತ್ತಿಯಲ್ಲಿ ಎಣ್ಣೆ ಏರುವ ಹಾಗೆ. ಕನೆಕ್ಟರಿನ ಪಿನ್ ಬುಡದಿಂದ ಒಳಗೆ ಹೋದರೆ ಆ ಕನೆಕ್ಟರ್ ಕೆಟ್ಟ ಹಾಗೇ, ಅದಕ್ಕೆ ಅದರ ಬುಡದ ಹತ್ತಿರ ಒಂದೆರಡು ಮಿಲಿಮೀಟರ್ ಬಿಟ್ಟು ಕಡಿಮೆ ಹಚ್ಚುವುದೇ ಒಳ್ಳೆಯದು. ದ್ರವ ಲೇಟೆಕ್ಸ್ ಮಾಸ್ಕ್ ಬಳಸುವವರು ಅಮೋನಿಯಾ ಇಲ್ಲದ್ದನ್ನು ತನ್ನಿ, ಅಮೋನಿಯಾ ತಾಮ್ರಕ್ಕೆ ಆಗುವುದಿಲ್ಲ.

## ಐದನೆಯ ಹೆಜ್ಜೆ: ಆಕಾಶ ನೋಡಿ ಹಚ್ಚುವುದು

ಜುಲೈ ತಿಂಗಳಲ್ಲಿ ಹೊರಗೆ ನಿಂತು ಸ್ಪ್ರೇ ಹೊಡೆದರೆ ಪದರ ಹಾಲಿನ ಹಾಗೆ ಬೆಳ್ಳಗಾಗುತ್ತದೆ. ದ್ರಾವಕ ಹಾರಿಹೋಗುವಾಗ ಮೇಲ್ಮೈ ತಣ್ಣಗಾಗುತ್ತದೆ, ಗಾಳಿಯ ನೀರು ಅಲ್ಲೇ ಇಬ್ಬನಿ ಕಟ್ಟುತ್ತದೆ, ಅದು ಪದರದ ಒಳಗೆ ಸಿಕ್ಕಿಬೀಳುತ್ತದೆ. ತಪ್ಪಿಸಲು ಕೋಣೆಯ ತೇವಾಂಶ 60 ಶೇಕಡಾಕ್ಕಿಂತ ಕೆಳಗೆ ಇರಬೇಕು. ಎಸಿಯನ್ನು ಡ್ರೈ ಮೋಡ್‌ನಲ್ಲಿ ಎರಡು ಗಂಟೆ ಮೊದಲೇ ಹಾಕಿ, ಮೀಟರ್ ನೋಡಿ. ಬೋರ್ಡ್ ಒಣಗಿಸುವ ಪೆಟ್ಟಿಗೆಯಿಂದ ಬಂದು ಇನ್ನೂ ಬೆಚ್ಚಗೆ, ಸುಮಾರು 35 ಡಿಗ್ರಿ ಇರುವಾಗಲೇ ಹಚ್ಚಿ. ಮಳೆಗಾಲದಲ್ಲಿ ನಾನು ಸ್ಪ್ರೇಗಿಂತ ಬ್ರಷ್ ನೆಚ್ಚಿಕೊಳ್ಳುತ್ತೇನೆ, ಹನಿಹನಿಯಾಗಿ ಹಾರದ ಕಾರಣ ಅದು ಅಷ್ಟು ಬೇಗ ತಣ್ಣಗಾಗುವುದಿಲ್ಲ. ಅಕ್ರಿಲಿಕ್ ಬೆಳ್ಳಗಾಗಿಯೇ ಹೋದರೆ ಗಾಬರಿ ಬೇಡ, ಒಣ ಕೋಣೆಯಲ್ಲಿ ಅದೇ ಕಂಪನಿಯ ತಿನ್ನರ್ ತೆಳುವಾಗಿ ಹಚ್ಚಿದರೆ ಪದರ ಮತ್ತೆ ಕರಗಿ ತಿಳಿಯಾಗುತ್ತದೆ. ಅವಸರವಿಲ್ಲದ ಬೋರ್ಡುಗಳನ್ನು ನಾನು ಡಿಸೆಂಬರಿಗೆ ತನ್ನಿ ಅನ್ನುತ್ತೇನೆ.

ಒಲೆ, ಊದುಬತ್ತಿ, ದೇವರ ದೀಪ ಯಾವುದೂ ಹತ್ತಿರ ಇರಬಾರದು, ಹಚ್ಚಿದ ಮೇಲೆ ಆವಿ ಹೊರಗೆ ಹೋಗಲು ಎಕ್ಸಾಸ್ಟ್ ಬೇಕು. ಮಕ್ಕಳು ಮಲಗುವ ಕೋಣೆಯಲ್ಲಂತೂ ಬೇಡವೇ ಬೇಡ.

ಸ್ಪ್ರೇ ಆದರೆ 20ರಿಂದ 25 ಸೆಂಟಿಮೀಟರ್ ದೂರ, ಬೋರ್ಡಿನ ಆಚೆಯಿಂದ ಶುರು ಮಾಡಿ ಈಚೆ ದಾಟಿಸಿ ನಿಲ್ಲಿಸಿ. ಒಂದು ತೆಳು ಸುತ್ತು, ಹದಿನೈದು ನಿಮಿಷ ಬಿಡುವು, ಬೋರ್ಡನ್ನು ಕಾಲು ಸುತ್ತು ತಿರುಗಿಸಿ ಇನ್ನೊಂದು. ನಾಲ್ಕೂ ದಿಕ್ಕಿನಿಂದ ಓರೆಯಾಗಿ ಹೊಡೆದರೆ ಮಾತ್ರ ಎತ್ತರದ ಕೆಪಾಸಿಟರಿನ ನೆರಳಲ್ಲಿರುವ ಕಾಲಿಗೂ ತಾಗುತ್ತದೆ. ಬ್ರಷ್ ಆದರೆ ಗೋಡೆಗೆ ಬಣ್ಣ ಬಳಿದ ಹಾಗೆ ಹಿಂದೆ ಮುಂದೆ ಎಳೆಯಬೇಡಿ, ಗುಳ್ಳೆ ಏಳುತ್ತದೆ. ತುಂಬಿದ ಬ್ರಷ್‌ನಿಂದ ಹರಿಯಬಿಟ್ಟು ಮುಂದೆ ಹೋಗಿ.

ದಪ್ಪ ಎಷ್ಟು? ಒಣಗಿದ ಮೇಲೆ ಅಕ್ರಿಲಿಕ್, ಯುರೇಥೇನ್ 30ರಿಂದ 130 ಮೈಕ್ರಾನ್, ಸಿಲಿಕೋನ್ 50ರಿಂದ 210 ಅಂತ ಐಪಿಸಿ ಹೇಳುತ್ತದೆ. ತಲೆಕೂದಲಿನ ದಪ್ಪ ಸುಮಾರು 70. ಡಬ್ಬಿಯ ಮಾಹಿತಿಯಲ್ಲಿ ಘನಾಂಶ ಎಷ್ಟು ಶೇಕಡಾ ಅಂತ ಇರುತ್ತದೆ. 20 ಇದ್ದರೆ, ಒದ್ದೆಯಿರುವಾಗ 200 ಮೈಕ್ರಾನ್ ಹಚ್ಚಿದ್ದು ಒಣಗಿ 40 ಆಗುತ್ತದೆ. ಜಾಸ್ತಿ ಹಚ್ಚಿದರೆ ಜಾಸ್ತಿ ರಕ್ಷಣೆ ಅನ್ನುವುದು ತಪ್ಪು. ದಪ್ಪ ಪದರದೊಳಗೆ ದ್ರಾವಕ ಸಿಕ್ಕಿಕೊಳ್ಳುತ್ತದೆ, ಬಿಸಿ ತಂಪಿಗೆ ಬಿರಿಯುತ್ತದೆ, ಗಾಜಿನ ಡಯೋಡುಗಳನ್ನು ಒಡೆಯುತ್ತದೆ, ಐಸಿಯ ಅಡಿಯಲ್ಲಿ ತುಂಬಿಕೊಂಡರೆ ಹಿಗ್ಗಿ ಬೆಸುಗೆಯನ್ನೇ ಎಳೆದುಬಿಡುತ್ತದೆ.

ಟೇಪನ್ನು ಪದರ ಅರೆ ಒಣಗಿದಾಗ, ಅಂಚನ್ನು ಬ್ಲೇಡಿನಿಂದ ಗೀರಿ ತೆಗೆಯಿರಿ. ಪೂರ್ತಿ ಗಟ್ಟಿಯಾದ ಮೇಲೆ ಎಳೆದರೆ ಕೋಟಿಂಗೂ ಎದ್ದು ಬರುತ್ತದೆ.

## ಆರನೆಯ ಹೆಜ್ಜೆ: ಕತ್ತಲಲ್ಲಿ ನೋಡುವುದು

ಹೆಚ್ಚಿನ ಕೋಟಿಂಗ್‌ಗಳಲ್ಲಿ ಯುವಿ ಬೆಳಕಿಗೆ ನೀಲಿಯಾಗಿ ಹೊಳೆಯುವ ಅಂಶ ಸೇರಿಸಿರುತ್ತಾರೆ. ಲೈಟ್ ಆರಿಸಿ ನೋಟು ನೋಡುವ ಟಾರ್ಚ್ ಹಿಡಿಯಿರಿ, ಕಣ್ಣಿಗೆ ನೇರ ಬೀಳದ ಹಾಗೆ. ನೀಲಿ ಇಲ್ಲದ ಜಾಗ ಬರಿಮೈ. ಐಸಿ ಕಾಲಿನ ಬಾಗಿದ ತುದಿ, ಕತ್ತರಿಸಿದ ಕಾಲಿನ ಮೊನೆ, ಬೋರ್ಡಿನ ಕೆಳಬದಿ, ಇಲ್ಲೆಲ್ಲ ಪದರ ಜಾರಿ ತೆಳುವಾಗಿರುತ್ತದೆ. ಅಲ್ಲಿಗೆ ಬ್ರಷ್‌ನಿಂದ ಇನ್ನೊಮ್ಮೆ ಮುಟ್ಟಿಸಿ. ಪದರ ಒಂದು ಕಡೆ ಕೆಸುವಿನ ಎಲೆಯ ಮೇಲಿನ ನೀರಿನ ಹಾಗೆ ಹನಿಯಾಗಿ ಹಿಂದೆ ಸರಿದಿದ್ದರೆ ಅಲ್ಲಿ ಎಣ್ಣೆಯೋ ಸಿಲಿಕೋನೋ ಉಳಿದಿದೆ ಅಂತ ಅರ್ಥ, ಮೇಲೆ ಹಚ್ಚಿ ಮುಚ್ಚಬೇಡಿ, ಆ ಜಾಗ ತೆಗೆದು ತೊಳೆದು ಮತ್ತೆ ಹಚ್ಚಿ.

ಅಕ್ರಿಲಿಕ್ ಮುಟ್ಟಿದರೆ ಅಂಟದ ಹಾಗೆ ಆಗಲು ಅರ್ಧ ಗಂಟೆ ಸಾಕು, ಆದರೂ 24 ಗಂಟೆ ಕಳೆಯದೆ ಕರೆಂಟ್ ಕೊಡಬೇಡಿ.

## ಪೆಟ್ಟಿಗೆಯನ್ನೂ ನೋಡಿ

ಕೋಟಿಂಗ್ ಹಾಕಿದ ಬೋರ್ಡ್ ನೀರಲ್ಲಿ ಮುಳುಗಿದರೂ ಏನಾಗದು ಅಂತ ಯಾರಾದರೂ ಹೇಳಿದರೆ ನಂಬಬೇಡಿ. ನೀರಿನ ಆವಿ ನಿಧಾನಕ್ಕೆ ಎಲ್ಲ ಕೋಟಿಂಗ್‌ಗಳೊಳಗೂ ಹೋಗುತ್ತದೆ. ಮುಳುಗುವ ಜಾಗವಾದರೆ ಅಚ್ಚಿನಲ್ಲಿಟ್ಟು ಪೂರ್ತಿ ತುಂಬಿಸುವ ಪಾಟಿಂಗ್ ಬೇಕು, ಅದರ ಕತೆಯೇ ಬೇರೆ. ತೋಟದ ಪ್ಯಾನೆಲ್‌ಗೆ ವಯರನ್ನು ಮೇಲಿನಿಂದ ತರಬೇಡಿ. ಕೆಳಗಿನಿಂದ, ಒಂದು ತೂಗುಬಳುಕು ಕೊಟ್ಟು, ಕೇಬಲ್ ಗ್ಲ್ಯಾಂಡ್ (ವಯರಿನ ಸುತ್ತ ಬಿಗಿಯಾಗಿ ಕೂರುವ ಬಿರಡೆ) ಹಾಕಿ ಒಳಗೆ ತನ್ನಿ, ನೀರು ಬಳುಕಿನ ತುದಿಯಿಂದ ತೊಟ್ಟಿಕ್ಕಿ ಹೋಗುತ್ತದೆ. ಗ್ಲ್ಯಾಂಡ್ ಬಿಗಿಯಿದ್ದರೆ ಹಲ್ಲಿಯೂ ಬರುವುದಿಲ್ಲ. ಇನ್ವರ್ಟರ್ ಒಳಗೆ ಬೆಚ್ಚಗಿರುತ್ತದೆ ಅಂತ ಹಲ್ಲಿ ಹೋಗಿ, ಎರಡು ಕಾಲಿಗೆ ಅಡ್ಡ ಬಿದ್ದು ತಾನೂ ಸತ್ತು ಬೋರ್ಡನ್ನೂ ಸುಟ್ಟದ್ದನ್ನು ಪ್ರತಿ ವರ್ಷ ನೋಡುತ್ತೇನೆ. ಕೋಟಿಂಗ್ ಅದನ್ನು ಸ್ವಲ್ಪ ತಡೆಯುತ್ತದೆ, ಪೂರ್ತಿ ಅಲ್ಲ.

## ಕೊನೆಯ ಹೆಜ್ಜೆ: ಲೇಬಲ್

ಮುಂದೊಂದು ದಿನ ಯಾರೋ ಇದೇ ಬೋರ್ಡನ್ನು ಬಿಚ್ಚುತ್ತಾರೆ, ಅವರು ನೀವೇ ಆಗಿರಬಹುದು. ಅಕ್ರಿಲಿಕ್ ಆದರೆ ಐಪಿಎ ಅಥವಾ ತಿನ್ನರ್ ಅದ್ದಿದ ಹತ್ತಿ ಕಡ್ಡಿಯಿಂದ ಬೇಕಾದಷ್ಟೇ ಜಾಗ ತೆಗೆಯಬಹುದು. ಅಸಿಟೋನ್ ಬಳಸಿದರೆ ಪ್ಲಾಸ್ಟಿಕ್ ಭಾಗ ಕರಗುತ್ತದೆ, ಹುಷಾರು. ಸಿಲಿಕೋನ್ ಕೆರೆದೇ ತೆಗೆಯಬೇಕು. ಯುರೇಥೇನ್ ಮೇಲೆ ಮಾತ್ರ ಸೋಲ್ಡರಿಂಗ್ ಐರನ್ ನೇರ ಇಡಬೇಡಿ. ಅದು ಸುಟ್ಟಾಗ ಬರುವ ಐಸೋಸಯನೇಟ್ ಹೊಗೆ ಶ್ವಾಸಕ್ಕೆ ತುಂಬಾ ಕೆಟ್ಟದ್ದು, ಮೊದಲು ಕೆರೆದು ತೆಗೆದು ಆಮೇಲೆ ಬೆಸುಗೆ.

ಆದರೆ ಒಣಗಿದ ಮೇಲೆ ಎಲ್ಲವೂ ಒಂದೇ ಥರ ಕಾಣುತ್ತವೆ. ಅದಕ್ಕೆ ಒಂದು ಸಣ್ಣ ಚೀಟಿಯಲ್ಲಿ ಕೋಟಿಂಗ್ ಯಾವುದು, ಎಷ್ಟು ಸುತ್ತು, ಹಚ್ಚಿದ ತಿಂಗಳು, ತೊಳೆದಾಗ ಪೆನ್ನಿನ ಕೊನೆಯ ಅಂಕಿ ಎಷ್ಟು, ಇಷ್ಟನ್ನು ಬರೆದು ಪೆಟ್ಟಿಗೆಯ ಮುಚ್ಚಳದ ಒಳಬದಿಗೆ ಅಂಟಿಸಿ, ಮೇಲೆ ಒಂದು ತುಂಡು ಪಾರದರ್ಶಕ ಟೇಪ್ ಹಾಕಿ. ಬಾಲ್ ಪೆನ್ನಿನಲ್ಲಿ ಬರೆಯಿರಿ, ಶಾಯಿ ಪೆನ್ನಿನದ್ದು ಆಟಿ ತಿಂಗಳ (ಜುಲೈ-ಆಗಸ್ಟ್) ತೇವಕ್ಕೆ ಕಲಸಿಹೋಗುತ್ತದೆ.